ಬೈಲಕುಪ್ಪೆಯ ನಮ್ಮ ಪಕ್ಕದ ಮನೆ ಅಮಾಲಾ ಊಟ ನಿದ್ದೆ ಬಿಟ್ಟಿದ್ದಾರೆ, ಯಾರಿಗೆ ತೋರಿಸಲಿ?

ಕೊಪ್ಪ ಟೈಲರ್ · ಭಾನುವಾರ ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಬೈಲಕುಪ್ಪೆ ಹಳೇ ಕ್ಯಾಂಪ್ ಹತ್ತಿರ ನನ್ನದೊಂದು ಹೊಲಿಗೆ ಅಂಗಡಿ ಇದೆ. ಲಾಮಾಗಳ ಬಟ್ಟೆ, ಹೆಂಗಸರ ಚುಬಾ, ಪರದೆ ಎಲ್ಲ ಹೊಲಿಯುತ್ತೇನೆ. ಮಗ್ಗುಲಲ್ಲೇ ಒಬ್ಬರು ಟಿಬೆಟನ್ ಅಜ್ಜಿಯ ಮನೆ. ಎಲ್ಲರೂ ಅಮಾಲಾ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಎಪ್ಪತ್ತೈದು ದಾಟಿದೆ. ಗಂಡ ತೀರಿಹೋದರು. ಮಗಳು ಬೆಲ್ಜಿಯಂನಲ್ಲಿ. ಮಗ ಹೋದ ವರ್ಷ ಕೆನಡಾಗೆ ಹೋದ.

ಅವರ ಹೊಸವರ್ಷದ ಲೋಸಾರ್ ಹಬ್ಬ ಕಳೆದ ಮೇಲೆ ಅವರು ಮನೆಯಿಂದ ಆಚೆಗೇ ಬರುತ್ತಿಲ್ಲ. ಮುಂಚೆ ಬೆಳಗ್ಗೆ ಐದಕ್ಕೆಲ್ಲ ಜಪಮಾಲೆ ಹಿಡಿದು ದೇವಸ್ಥಾನ ಸುತ್ತಲು ಹೋಗುತ್ತಿದ್ದರು. ಈಗ ನಾನು ಅಂಗಡಿ ತೆಗೆಯುವಾಗಲೂ ಕಿಟಕಿ ಮುಚ್ಚಿರುತ್ತದೆ. ಫ್ಲಾಸ್ಕ್‌ನಲ್ಲಿ ಹಾಕಿಟ್ಟ ಟೀ ಸಾಯಂಕಾಲದವರೆಗೂ ಹಾಗೇ ಇರುತ್ತದೆ. ರಾತ್ರಿ ಪೂರ್ತಿ ಲೈಟು ಉರಿಯುತ್ತದೆ. ಎದೆ ಮೇಲೆ ಕೈಯಿಟ್ಟು, ಗಾಳಿ ಮೇಲಕ್ಕೆ ಏರುತ್ತದೆ ಅಂತ ಕೈಯಲ್ಲೇ ತೋರಿಸುತ್ತಾರೆ.

ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋಗಿದ್ದೆ. ಇಸಿಜಿ, ಶುಗರ್ ನೋಡಿ ಎಲ್ಲ ನಾರ್ಮಲ್ ಅಂದರು. ಗ್ಯಾಸ್ ಮಾತ್ರೆ ಕೊಟ್ಟು ಕಳಿಸಿದರು. ಅವರ ಕನ್ನಡ ವ್ಯಾಪಾರಕ್ಕೆ ಸಾಕು, ಅಷ್ಟೇ. ಎಷ್ಟೋ ವರ್ಷ ಚಳಿಗಾಲದಲ್ಲಿ ಸ್ವೆಟರ್ ಮಾರಿದವರು. ರೇಟು ಹೇಳುತ್ತಾರೆ, ಊಟ ಆಯ್ತಾ ಕೇಳುತ್ತಾರೆ. ಮನಸ್ಸಿನ ಮಾತು ಆ ಕನ್ನಡದಲ್ಲಿ ಹೇಗೆ ಬರಬೇಕು? ಮೊನ್ನೆ ನನ್ನ ಕೈ ಹಿಡಿದುಕೊಂಡು ಅವರ ಭಾಷೆಯಲ್ಲೇ ತುಂಬಾ ಹೊತ್ತು ಮಾತಾಡಿದರು. ಮಧ್ಯೆ ಮಗನ ಹೆಸರು ಬಂದಿದ್ದು ಬಿಟ್ಟರೆ ನನಗೆ ಏನೂ ತಿಳಿಯಲಿಲ್ಲ.

ಇದು ಮನಸ್ಸಿನ ಕಾಯಿಲೆಯಾ, ವಯಸ್ಸಾಗಿದ್ದಕ್ಕಾ? ಮೈಸೂರಿಗೆ ಕರೆದುಕೊಂಡು ಹೋಗಬೇಕಾ? ಗೊತ್ತಿದ್ದವರು ಹೇಳಿ.

ಕುಶಾಲನಗರ ಆಟೋ · 9:31

ಮೊದಲು ಮಗನಿಗೆ ಫೋನ್ ಮಾಡಿ. ಅವನಿಗೆ ವಿಷಯ ಗೊತ್ತಿದೆಯಾ?

ಹುಣಸೂರು ಸಿಸ್ಟರ್ · 9:48

ಅಕ್ಕಾ, ಗಾಬರಿ ಬೇಡ, ಆದರೆ ತಡ ಮಾಡಬೇಡಿ. ಎರಡು ವಾರಕ್ಕಿಂತ ಜಾಸ್ತಿ ದಿನ ಊಟ, ನಿದ್ದೆ, ದಿನಾ ಮಾಡುವ ಕೆಲಸ ಮೂರೂ ಕೆಟ್ಟಿದ್ದರೆ ಅದು ವಯಸ್ಸಿನ ಸುಸ್ತು ಅಲ್ಲ. ವಯಸ್ಸಾದವರಲ್ಲಿ ಖಿನ್ನತೆ ಅಳುವಾಗಿ ಬರುವುದಕ್ಕಿಂತ ಎದೆನೋವು, ಉರಿ, ಗ್ಯಾಸ್, ತಲೆಸುತ್ತು ಅಂತ ಬರುವುದೇ ಜಾಸ್ತಿ. ಟಿಬೆಟನ್ನರಲ್ಲಿ ಅಂತಲ್ಲ, ನಮ್ಮ ಹಳ್ಳಿ ಅಜ್ಜಿಯರೂ "ಎದೆ ಡವಗುಟ್ಟುತ್ತೆ, ಕೈಕಾಲು ಸೆಳೆಯುತ್ತೆ" ಅಂತಲೇ ಬರುತ್ತಾರೆ. ಬೇಜಾರು ಅಂತ ಬಾಯಿಬಿಟ್ಟು ಯಾರೂ ಹೇಳುವುದಿಲ್ಲ.

ಹಾಗಂತ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವುದೂ ತಪ್ಪು. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್, ಸೋಡಿಯಂ ಮಾಡಿಸಿ. ತೂಕ ಇಳಿದಿದೆಯಾ, ಸಂಜೆ ಜ್ವರ ಬರುತ್ತಾ ನೋಡಿ. ಮರೆವು ಶುರುವಾಗಿದೆಯಾ ಅಂತಲೂ ಗಮನಿಸಿ.

ಇನ್ನೊಂದು ಮಾತು. ಬದುಕಿದ್ದು ಸಾಕು ಅಂತ ಅನ್ನಿಸುತ್ತಾ ಅಂತ ಅವರ ಭಾಷೆ ಬಲ್ಲವರಿಂದ ನೇರವಾಗಿ ಕೇಳಿಸಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅಂತ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಕೇಳಿದಾಗ ಎಷ್ಟೋ ಜನಕ್ಕೆ ಎದೆ ಹಗುರ ಆಗುತ್ತದೆ.

ಹೊಗೆಸೊಪ್ಪು ಗೌಡ · 10:02

ಬೇಜಾರು ಮಾಡ್ಕೋಬೇಡಿ, ಒಂದು ಮಾತು ಹೇಳುತ್ತೇನೆ. ನಮ್ಮದು ಪಿರಿಯಾಪಟ್ಟಣ. ಅವರು ಬಂದು ಅರವತ್ತು ವರ್ಷದ ಮೇಲಾಯಿತು. ಜಮೀನು ಕೊಟ್ಟಿದ್ದೇವೆ, ಚಿನ್ನದ ದೇವಸ್ಥಾನ ಕಟ್ಟಿಕೊಂಡಿದ್ದಾರೆ, ಮನೆಮನೆಗೂ ಡಾಲರ್ ಬರುತ್ತದೆ. ಅವರ ಹೊಲವನ್ನು ನಾವೇ ಪಾಲಿಗೆ ಮಾಡುತ್ತಿದ್ದೇವೆ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗೆ ಸಾಲ ಮಾಡಿ, ಹರಾಜಿನಲ್ಲಿ ರೇಟು ಬೀಳುವುದನ್ನು ನೋಡಿಕೊಂಡು ಕೂತಿರುವ ನಮ್ಮ ರೈತನ ಮನಸ್ಸಿನ ಬಗ್ಗೆ ಯಾರೂ ಕೇಳುವುದಿಲ್ಲ. ಇನ್ನೂ ಅವರನ್ನೇ ನಿರಾಶ್ರಿತರು ಅನ್ನುತ್ತಾ ಕೂತರೆ ಹೇಗೆ?

ಕೊಪ್ಪ ಟೈಲರ್ · 10:10

ಗೌಡ್ರೇ, ನಿಮ್ಮ ಕಷ್ಟ ನಿಜ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬಂದು ಬರೆಯುತ್ತೇನೆ. ನಮ್ಮಪ್ಪನೂ ಹೊಗೆಸೊಪ್ಪು ಬೆಳೆದವರೇ. ಇಲ್ಲಿ ನಾನು ಕೇಳಿದ್ದು ಒಬ್ಬ ಅಜ್ಜಿ ಊಟ ಬಿಟ್ಟಿದ್ದಾರೆ ಅಂತ. ಅವರ ಮನೆಗೆ ಡಾಲರ್ ಬರುತ್ತದೆ, ನಿಜ. ಅದನ್ನು ಬೇಯಿಸಿ ತಿನ್ನಿಸುವವರು ಯಾರು?

ನಿವೃತ್ತ ಮೇಷ್ಟ್ರು · 10:37

ನಾನು ಆ ಭಾಗದಲ್ಲೇ ಪಾಠ ಮಾಡಿದವನು. ಹೊಸಬರಿಗೆ ಸ್ವಲ್ಪ ಹಿನ್ನೆಲೆ ಗೊತ್ತಿರಲಿ.

1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲಾಸಾ ಬಿಟ್ಟರು. ಅವರ ಹಿಂದೆಯೇ ಸಾವಿರಾರು ಜನ ಹಿಮದ ಕಣಿವೆ ದಾಟಿ ಬಂದರು. ಅವರಲ್ಲಿ ತುಂಬಾ ಜನಕ್ಕೆ ಮೊದಲು ಸಿಕ್ಕ ಕೆಲಸ ಉತ್ತರದ ಬೆಟ್ಟಗಳಲ್ಲಿ ರಸ್ತೆ ಕಡಿಯುವುದು. ಡೇರೆಯಲ್ಲೇ ವಾಸ, ಮಕ್ಕಳೂ ಅಲ್ಲೇ. ಆಮೇಲೆ ನೆಹರೂ ಅವರು ರಾಜ್ಯಗಳಿಗೆ ಜಾಗ ಕೊಡಿ ಎಂದು ಕೇಳಿದಾಗ ನಮ್ಮ ಮೈಸೂರು ರಾಜ್ಯ ಮುಂದೆ ಬಂತು. ಮುಖ್ಯಮಂತ್ರಿ ನಿಜಲಿಂಗಪ್ಪನವರು ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಗೇಣಿಗೆ ಕೊಟ್ಟರು. ಆಗ ಅದು ಕಾಡು. ಹಗಲು ಮರ ಕಡಿಯುವುದು, ರಾತ್ರಿ ತಗಡು ಬಡಿದು ಆನೆ ಓಡಿಸುವುದು. ಯಾಕ್ ಮೇಯಿಸಿಕೊಂಡು, ಬಾರ್ಲಿ ಬೆಳೆದುಕೊಂಡು ಎತ್ತರದ ಚಳಿಯಲ್ಲಿ ಇದ್ದವರು ಈ ಬಿಸಿಲಿಗೆ ಬಂದು ಮುಸುಕಿನ ಜೋಳ ಕಲಿತರು. ಜ್ವರ, ಕ್ಷಯ ಅಂತ ಸತ್ತವರು ತುಂಬಾ ಜನ.

ಆ ಅಜ್ಜಿಗೆ ಎಪ್ಪತ್ತೈದು ದಾಟಿದೆ ಅಂದರೆ ಇದೆಲ್ಲ ಕಣ್ಣಾರೆ ಕಂಡ ಮಗು ಅವರು.

ಹಳೇ ಪೇಪರ್ · 10:44

ಮೇಷ್ಟ್ರೇ, ಒಂದು ತಿದ್ದುಪಡಿ. ಬೈಲಕುಪ್ಪೆ ವಸತಿ ಶುರುವಾದ 1960-61ರಲ್ಲಿ ಮುಖ್ಯಮಂತ್ರಿ ಬಿ.ಡಿ. ಜತ್ತಿ. 1958ರಿಂದ 1962ರವರೆಗೆ ಅವರೇ. ನಿಜಲಿಂಗಪ್ಪನವರು ಅದಕ್ಕೆ ಮುಂಚೆ ಮತ್ತು ಆಮೇಲೆ ಇದ್ದವರು. ಮುಂಡಗೋಡು ವಸತಿ, 1966ರದ್ದು, ಅವರ ಕಾಲದ್ದು.

ನಿವೃತ್ತ ಮೇಷ್ಟ್ರು · 10:52

ಇಸವಿ ಲೆಕ್ಕ ಸರಿ ಸ್ವಾಮಿ. ಆದರೆ ದಲೈ ಲಾಮಾ ಕರ್ನಾಟಕದ ಮಾತು ಬಂದಾಗಲೆಲ್ಲ ನಿಜಲಿಂಗಪ್ಪನವರನ್ನೇ ನೆನೆಯುವುದು. ಆ ಋಣದ ಮಾತು ಕ್ಯಾಂಪ್‌ನ ಹಿರಿಯರ ಬಾಯಲ್ಲೂ ಇದೆ.

ಹೊಗೆಸೊಪ್ಪು ಗೌಡ · 10:55

ಅದನ್ನೇ ನಾನು ಹೇಳಿದ್ದು, ಕೊಟ್ಟವರು ನಾವು.

ನಾಲ್ಕನೇ ಕ್ಯಾಂಪ್ · ಸೋಮವಾರ ಬೆಳಗ್ಗೆ 7:15

ನಾನು ಟಿಬೆಟನ್. ಹುಟ್ಟಿದ್ದು ಬೈಲಕುಪ್ಪೆ, ಪಿಯುಸಿ ಕುಶಾಲನಗರ, ಡಿಗ್ರಿ ಮೈಸೂರು. ಕನ್ನಡ ಓದಿ ಬರೆಯಲು ನನಗೆ ಬರುತ್ತದೆ, ಹಾಗಾಗಿ ನಾನೇ ಉತ್ತರ ಕೊಡುತ್ತೇನೆ.

ಗೌಡ್ರೇ, ನೀವು ಜಾಗ ಕೊಟ್ಟಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ. ಆದರೆ ಆ ಜಾಗ ನಮ್ಮ ಹೆಸರಲ್ಲಿ ಇಲ್ಲ, ಗೇಣಿ ಜಾಗ. ನನ್ನ ಕೈಯಲ್ಲಿರುವುದು ಆರ್‌ಸಿ, ಅಂದರೆ ವಿದೇಶಿ ಅಂತ ನೋಂದಣಿ ಮಾಡಿದ ಪುಸ್ತಕ. ಅದನ್ನು ಆಗಾಗ ನವೀಕರಿಸಬೇಕು. 1950ರಿಂದ 1987ರ ಜೂನ್ ಕೊನೆಯೊಳಗೆ ಇಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಭಾರತೀಯರೇ. 2010ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಾನು ಆಮೇಲೆ ಹುಟ್ಟಿದವನು. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಂತಿಲ್ಲ. 2020ರಲ್ಲಿ ಮೈಸೂರಿನ ಬಸ್ಸಿನಲ್ಲಿ ಒಬ್ಬರು ನನ್ನ ಮುಖ ನೋಡಿ "ಕೊರೊನಾ" ಅಂದರು. ನಾನು ಕನ್ನಡದಲ್ಲೇ ಉತ್ತರ ಕೊಟ್ಟೆ. ಅವರು ಸೀಟು ಬಿಟ್ಟು ಎದ್ದುಹೋದರು.

ಅಮಾಲಾ ವಿಷಯಕ್ಕೆ ಬರುತ್ತೇನೆ. ನಮ್ಮ ಅಜ್ಜಿಗೂ ಹೀಗೇ ಆಗಿತ್ತು. ಅವರ ತಂಗಿ ಟಿಬೆಟ್‌ನಲ್ಲೇ ಉಳಿದುಬಿಟ್ಟಿದ್ದರು. ಎಷ್ಟೋ ವರ್ಷ ಬದುಕಿದ್ದಾರೋ ಇಲ್ಲವೋ ಅಂತಲೇ ತಿಳಿದಿರಲಿಲ್ಲ. ಆಮೇಲೆ ವೀಚಾಟ್ ಬಂತು, ವಿಡಿಯೋದಲ್ಲಿ ಇಬ್ಬರೂ ಮುಖ ನೋಡಿಕೊಂಡರು. ಅಜ್ಜಿ ದಿನಾ ಸಂಜೆ ತಲೆ ಬಾಚಿಕೊಂಡು ಫೋನ್ ಮುಂದೆ ಕೂರುತ್ತಿದ್ದರು. 2020ರ ಜೂನ್‌ನಲ್ಲಿ ಸರ್ಕಾರ ಚೀನಾದ 59 ಆ್ಯಪ್ ಬ್ಯಾನ್ ಮಾಡಿತಲ್ಲ, ಅದರಲ್ಲಿ ವೀಚಾಟ್ ಕೂಡ ಇತ್ತು. ದೇಶಕ್ಕೆ ಅದು ಸರಿಯಿರಬಹುದು, ನಾನು ಆ ವಾದಕ್ಕೆ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಅವತ್ತಿಗೆ ಮಾತು ನಿಂತಿತು. ತಂಗಿ ತೀರಿಕೊಂಡ ಸುದ್ದಿ ನೇಪಾಳದವರೊಬ್ಬರ ಕಡೆಯಿಂದ ಬಂದಾಗ ಒಂದು ವರ್ಷ ಆಗಿಹೋಗಿತ್ತು. ನಮ್ಮಲ್ಲಿ ಸತ್ತವರಿಗೆ 49 ದಿನ ಪ್ರಾರ್ಥನೆ ಮಾಡಿಸುತ್ತೇವೆ, ತುಪ್ಪದ ದೀಪ ಹಚ್ಚುತ್ತೇವೆ. ಆ 49 ದಿನ ಕಳೆದೇ ಹೋಗಿತ್ತು. ಆ ದಿನಗಳಲ್ಲಿ ನಾನು ಹಬ್ಬದ ಊಟ ಮಾಡಿಕೊಂಡು ನಗುತ್ತಿದ್ದೆನಾ ಅಂತ ಅಜ್ಜಿ ನಮ್ಮನ್ನು ಕೇಳುತ್ತಿದ್ದರು.

ಅವರಿಗೂ ಎದೆಯಲ್ಲಿ ಗಾಳಿ ಏರುವುದು ಅಂತಲೇ ಶುರುವಾಗಿದ್ದು. ನಮ್ಮ ವೈದ್ಯರು ಅದನ್ನು ಲುಂಗ್ ಅನ್ನುತ್ತಾರೆ.

ಹೊಗೆಸೊಪ್ಪು ಗೌಡ · 7:40

ವಾಟ್ಸಾಪ್‌ನಲ್ಲಿ ಮಾತಾಡಬಹುದಿತ್ತಲ್ಲ ತಮ್ಮಾ?

ನಾಲ್ಕನೇ ಕ್ಯಾಂಪ್ · 7:44

ಆ ಕಡೆ ವಾಟ್ಸಾಪ್ ಬ್ಲಾಕ್ ಅಣ್ಣಾ. ನೇರ ಫೋನ್ ಮಾಡಿದರೆ, ಹೊರದೇಶದವರ ಜೊತೆ ಏನು ಮಾತಾಡಿದೆ ಅಂತ ಅವರನ್ನು ಪೊಲೀಸರು ಕರೆಸುತ್ತಾರೆ ಅನ್ನುವ ಭಯ. ನಾವು ಮಾತಾಡಿದರೆ ಅವರಿಗೆ ತೊಂದರೆ ಅಂತ ನಾವೇ ಸುಮ್ಮನಾಗುತ್ತೇವೆ.

ಹೊಗೆಸೊಪ್ಪು ಗೌಡ · 7:58

ಅದು ಗೊತ್ತಿರಲಿಲ್ಲ. ಅಜ್ಜಿ ವಿಷಯ ಕೇಳಿ ಸಂಕಟ ಆಯಿತು.

ಯೋಗ ಮಾಡಿ · 8:20

ನನಗೆ ಒಂದು ಆಶ್ಚರ್ಯ. ಬುದ್ಧನ ದಾರಿಯವರು, ದಿನಾ ಧ್ಯಾನ, ಜಪ. ಅವರಿಗೆ ಖಿನ್ನತೆ ಬರುವುದಾ? ಧ್ಯಾನವನ್ನೇ ಇನ್ನೂ ಜಾಸ್ತಿ ಮಾಡಿಸಿ, ಮಾತ್ರೆ ಬೇಡ.

ನಾಲ್ಕನೇ ಕ್ಯಾಂಪ್ · 8:26

ನಮ್ಮ ಹಿರಿಯರೇ ಹೇಳುವ ಮಾತು: ಮನಸ್ಸನ್ನು ಬಲವಂತವಾಗಿ ಹಿಡಿದು ಧ್ಯಾನಕ್ಕೆ ಕೂರಿಸಿದರೆ ಲುಂಗ್ ಇನ್ನೂ ಜಾಸ್ತಿ ಆಗುತ್ತದೆ. ಅಂಥವರಿಗೆ ಧ್ಯಾನ ಬಿಟ್ಟು ಚೆನ್ನಾಗಿ ಊಟ ಮಾಡು, ಬೆಚ್ಚಗಿರು, ಜನರ ಜೊತೆ ಇರು ಅನ್ನುತ್ತಾರೆ.

ಸರಸ್ವತೀಪುರಂ ಅಕ್ಕ · 11:05

ನಾನು ಮನೋವೈದ್ಯಕೀಯ ಸಮಾಜಕಾರ್ಯಕರ್ತೆ. ಬೈಲಕುಪ್ಪೆ, ಹುಣಸೂರು ಹತ್ತಿರದ ಗುರುಪುರ, ಎರಡೂ ಕಡೆಯ ಜನರನ್ನು ನೋಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ನೆಲೆ ಸಿಕ್ಕಿದ ಕೂಡಲೇ ಮನಸ್ಸೂ ನೆಲೆ ನಿಲ್ಲುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಉಲ್ಟಾ ಆಗುತ್ತದೆ. ಬಂದ ಹೊಸದರಲ್ಲಿ ಮರ ಕಡಿಯಬೇಕು, ಮನೆ ಕಟ್ಟಬೇಕು, ಮಕ್ಕಳನ್ನು ಓದಿಸಬೇಕು. ಅಳುವುದಕ್ಕೆ ಪುರುಸೊತ್ತು ಇರುವುದಿಲ್ಲ. ಮಕ್ಕಳು ದಡ ಸೇರಿ, ಮೈಯಲ್ಲಿ ಶಕ್ತಿ ಕುಂದಿ, ಗಂಡನೂ ಹೋಗಿ, ಮನೆ ಖಾಲಿಯಾದಾಗ ಹಳೆಯದೆಲ್ಲ ಒಟ್ಟಿಗೇ ಎದ್ದು ಬರುತ್ತದೆ. ಒಬ್ಬರು ಹಿರಿಯರು, ಚಿಕ್ಕಂದಿನಲ್ಲಿ ಕಣಿವೆ ದಾಟುವಾಗ ಹಿಂದೆ ಉಳಿದ ತಮ್ಮನ ಮಾತನ್ನು ಮೊದಲ ಸಲ ಆಡಿದ್ದು ಎಂಬತ್ತರ ಹತ್ತಿರ. ಹೆಂಡತಿಗೂ ಹೇಳಿರಲಿಲ್ಲವಂತೆ.

ಅದರ ಮೇಲೆ ಈಗ ಎರಡನೇ ಅಗಲಿಕೆ. 1990ರ ಕಾನೂನಿನಲ್ಲಿ ಅಮೆರಿಕ ಒಂದು ಸಾವಿರ ಟಿಬೆಟನ್ನರಿಗೆ ವೀಸಾ ಕೊಟ್ಟಿತು. ಅಲ್ಲಿಂದ ಶುರುವಾದ ದಾರಿ ನ್ಯೂಯಾರ್ಕ್, ಟೊರಾಂಟೋ, ಪ್ಯಾರಿಸ್, ಬೆಲ್ಜಿಯಂ ಅಂತ ಬೆಳೆಯುತ್ತಾ ಹೋಯಿತು. ಟಿಬೆಟ್‌ನಿಂದ ಹೊಸದಾಗಿ ಬರುವವರು 2008ರ ನಂತರ ತೀರಾ ಕಮ್ಮಿ. ಹೋಗುವವರೇ ಜಾಸ್ತಿ. ಉಳಿದಿರುವುದು ಮುದುಕರು ಮತ್ತು ಲಾಮಾಗಳು. ಮಗ ಸತ್ತಿಲ್ಲ, ಆದ್ದರಿಂದ ಅಳುವಂತಿಲ್ಲ. ಹತ್ತಿರ ಇಲ್ಲ, ಆದ್ದರಿಂದ ಸಮಾಧಾನವೂ ಇಲ್ಲ. "ಮಗ ಕೆನಡಾದಲ್ಲಿದ್ದಾನೆ, ಅದೃಷ್ಟವಂತೆ" ಅಂತ ಎಲ್ಲರೂ ಹೊಗಳುವಾಗ ಆ ತಾಯಿ ಬೇಜಾರು ಅಂತ ಯಾರ ಹತ್ತಿರ ಹೇಳಬೇಕು?

ಈಗ ಏನು ಮಾಡಬೇಕು ಅಂದರೆ: ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ಅಷ್ಟು ದೂರ ಮೊದಲೇ ಬೇಡ ಅಂದರೆ, ಮನೋಚೈತನ್ಯ ಅನ್ನುವ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಪಿರಿಯಾಪಟ್ಟಣಕ್ಕೆ ಈ ವಾರ ಬರುತ್ತಾರಾ ಅಂತ ಮುಂಚೆಯೇ ಫೋನ್ ಮಾಡಿ ಕೇಳಿಕೊಳ್ಳಿ. ರಾತ್ರಿ ಹೊತ್ತು ಏನಾದರೂ ಆತಂಕ ಆದರೆ ಟೆಲಿ ಮಾನಸ್ ಸಹಾಯವಾಣಿ 14416. ಅದು ಉಚಿತ, 24 ಗಂಟೆ, ಕನ್ನಡದಲ್ಲೂ ಮಾತಾಡುತ್ತಾರೆ. ನೀವೇ ಮಾಡಿ ಕೇಳಬಹುದು, ರೋಗಿಯೇ ಮಾತಾಡಬೇಕು ಅಂತಿಲ್ಲ.

ಟಿಬೆಟನ್ ಔಷಧಿ ನಿಲ್ಲಿಸಿ ಅಂತ ಯಾರೂ ಬೈಯಬೇಡಿ. ಸೋವಾ ರಿಗ್ಪಾ ಪದ್ಧತಿಗೆ 2010ರಲ್ಲೇ ನಮ್ಮ ದೇಶದಲ್ಲಿ ಮಾನ್ಯತೆ ಸಿಕ್ಕಿದೆ. ನಾಡಿ ಹಿಡಿದು ಅವರ ಭಾಷೆಯಲ್ಲಿ ಕೇಳುವ ಆ ವೈದ್ಯರ ಮೇಲೆ ಅಮಾಲಾಗೆ ನಂಬಿಕೆ ಇದೆ. ಆ ನಂಬಿಕೆ ನಮಗೂ ಬೇಕು. ಯಾವ ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆ ಅಂತ ಇಬ್ಬರು ವೈದ್ಯರಿಗೂ ತೋರಿಸಿ, ಅಷ್ಟೇ.

ದುಭಾಷಿ ಮುಖ್ಯ. ಮನೆ ಮಕ್ಕಳನ್ನೋ ಅಕ್ಕಪಕ್ಕದ ಸಣ್ಣ ಹುಡುಗಿಯನ್ನೋ ಕರೆದುಕೊಂಡು ಹೋಗಬೇಡಿ. ಅವರ ಮುಂದೆ ಅಮಾಲಾ ನಿಜ ಹೇಳುವುದಿಲ್ಲ. ಆ ಮಗುವಿನ ಮೇಲೂ ಭಾರ.

ಮಂಡ್ಯ ಕಬ್ಬು · 11:30

ಅಕ್ಕ ಬರೆದಿದ್ದು ಓದಿ ನಮ್ಮ ಅಜ್ಜಿ ನೆನಪಾದರು. ಅವರ ತವರು ಹಳೇ ಕನ್ನಂಬಾಡಿ. ಕೆಆರ್‌ಎಸ್ ಕಟ್ಟಿದಾಗ ಊರು ಮುಳುಗಿತು. ನಾವೆಲ್ಲ ಬೃಂದಾವನ ನೋಡಲು ಖುಷಿಯಾಗಿ ಹೋದರೆ ಅವರು ಮಾತ್ರ ಯಾವತ್ತೂ ಬರಲಿಲ್ಲ. ನೀರು ನೋಡಿದರೆ ಹೊಟ್ಟೆ ತೊಳಸುತ್ತದೆ ಅನ್ನುತ್ತಿದ್ದರು. ನಮಗೆ ಆಗ ಅರ್ಥ ಆಗಿರಲಿಲ್ಲ. ಮಂಡ್ಯಕ್ಕೆ ನೀರು ಬಂತು, ನಾವು ಕಬ್ಬು ಬೆಳೆದೆವು. ಅವರ ಊರು ಹೋಯಿತು.

ಗೌಡ್ರು ಹೇಳಿದ ರೈತರ ಮಾತೂ ಇಲ್ಲಿಗೆ ಸೇರುತ್ತದೆ. 2015ರಲ್ಲಿ ನಮ್ಮ ಜಿಲ್ಲೆಯಲ್ಲಿ ಕಬ್ಬು ಬೆಳೆಗಾರರು ಒಬ್ಬರ ಹಿಂದೆ ಒಬ್ಬರು ಜೀವ ಕಳೆದುಕೊಂಡರು. ಆಗ ಬಂದವರೆಲ್ಲ ಸಾಲದ ಲೆಕ್ಕ ಕೇಳಿದರು, ನಿದ್ದೆ ಬರುತ್ತಿತ್ತಾ ಅಂತ ಯಾರೂ ಕೇಳಿರಲಿಲ್ಲ.

ಕಾಡಂಚು · 12:10

ಪುನರ್ವಸತಿ ಅಂದ ಮೇಲೆ ನಮ್ಮ ಜೇನುಕುರುಬರನ್ನು ಬಿಟ್ಟು ಹೇಗೆ ಮಾತಾಡುತ್ತೀರಿ? ಬೈಲಕುಪ್ಪೆಯಿಂದ ನಾಗರಹೊಳೆ ಎಷ್ಟು ದೂರ? ಕಾಡಿನಿಂದ ಆಚೆ ಹಾಕಿದ ಆದಿವಾಸಿಗಳ ಬಗ್ಗೆ ಹೈಕೋರ್ಟ್ ಹೇಳಿ ರಚಿಸಿದ ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಿತು. 3,418 ಕುಟುಂಬಗಳಿಗೆ ಪುನರ್ವಸತಿ ಬಾಕಿ ಅಂತ ಲೆಕ್ಕ ಬರೆಯಿತು. ಆ ಜನರ ದೇವರು ಕಾಡೊಳಗೆ, ಅವರ ಹಿರಿಯರನ್ನು ಹೂಳಿದ ಜಾಗ ಕಾಡೊಳಗೆ. ಕೈ ಮುಗಿಯಲು ಹೋಗಬೇಕಾದರೂ ಗೇಟಿನಲ್ಲಿ ಕೇಳಬೇಕು. ಜೇನು, ಗೆಡ್ಡೆ ಗೊತ್ತಿದ್ದವರನ್ನು ಸಾಲು ಮನೆಯಲ್ಲಿ ಕೂರಿಸಿ, ಕೊಡಗಿನ ತೋಟಕ್ಕೆ ಕೂಲಿಗೆ ಕಳಿಸಿದೆವು. ಆಮೇಲೆ "ಕುಡಿಯುತ್ತಾರೆ" ಅಂತ ದೂರುತ್ತೇವೆ. 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಹಾಡಿಯ (ಆದಿವಾಸಿ ಕೇರಿಯ) ಜನ ವಾಪಸ್ ಕಾಡಿಗೆ ಹೋಗಿ ಗುಡಿಸಲು ಹಾಕಿದರು. ಯಾಕೆ ಹೋದರು ಅಂತ ಯೋಚನೆ ಮಾಡಿ.

ಟಿಬೆಟನ್ನರಿಗೆ ಶಾಲೆ, ಆಸ್ಪತ್ರೆ, ಸಹಕಾರ ಸಂಘ, ಮಠ ಎಲ್ಲ ಒಟ್ಟಿಗೆ ಸಿಕ್ಕಿತು. ಹಾಡಿಯವರಿಗೆ ಚದುರಿದ ಸೈಟು ಸಿಕ್ಕಿತು.

ಕುಶಾಲನಗರ ಆಟೋ · 12:18

ಚರ್ಚೆ ಎಲ್ಲಿಗೋ ಹೋಗುತ್ತಿದೆ. ಅಜ್ಜಿ ವಿಷಯಕ್ಕೆ ಬನ್ನಿ.

ಸರಸ್ವತೀಪುರಂ ಅಕ್ಕ · 12:40

ಕಾಡಂಚು ಹೇಳಿದ್ದು ಅಜ್ಜಿ ವಿಷಯವೇ. ಜನರನ್ನು ಒಟ್ಟಿಗೇ ಇರಿಸಿದ್ದು, ಅವರ ಗುಡಿ, ಅವರ ಭಾಷೆಯ ಶಾಲೆ, ಅವರ ಊಟ ಉಳಿದಿದ್ದು ಟಿಬೆಟನ್ನರ ಮನಸ್ಸನ್ನು ಇಷ್ಟು ವರ್ಷ ಕಾಪಾಡಿದೆ. ನಾಮ್‌ಡ್ರೋಲಿಂಗ್ ಮಠ 1963ರಲ್ಲೇ ಶುರುವಾಯಿತು. ಸೆರಾ ಮಠ 1970ರಲ್ಲಿ ಬಂತು. ಅಮಾಲಾಗೆ ಬೆಳಗಿನ ಜಾವ ಸುತ್ತು ಹಾಕುವುದು ದೇವರ ಕೆಲಸವೂ ಹೌದು, ನಡಿಗೆಯೂ ಹೌದು, ನಾಲ್ಕು ಜನರ ಮುಖ ನೋಡುವ ಹೊತ್ತೂ ಹೌದು. ಅದು ನಿಂತಿದೆ ಅನ್ನುವುದೇ ನನಗೆ ದೊಡ್ಡ ಸೂಚನೆ. ಟೈಲರ್ ಅವರು ಅದನ್ನು ಗಮನಿಸಿದ್ದು ದೊಡ್ಡ ವಿಷಯ. ಇಸಿಜಿಯಲ್ಲಿ ಅದು ಕಾಣಿಸುವುದಿಲ್ಲ.

ಟೊರಾಂಟೋ ಮೈಸೂರಮ್ಮ · ಸೋಮವಾರ ರಾತ್ರಿ 8:05

ನಾನು ಕುವೆಂಪುನಗರದವಳು, ಈಗ ಟೊರಾಂಟೋ. ಇಲ್ಲಿ ಪಾರ್ಕ್‌ಡೇಲ್ ಅನ್ನುವ ಕಡೆ ಟಿಬೆಟನ್ನರು ತುಂಬಾ ಇದ್ದಾರೆ. ಬೈಲಕುಪ್ಪೆಯವರು ಸಿಕ್ಕರೆ ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲ ಸಲ "ಮೇಡಂ, ಮೈಸೂರಲ್ಲಿ ಎಲ್ಲಿ?" ಅಂತ ಒಬ್ಬ ಹುಡುಗ ಕೇಳಿದಾಗ ನನಗೆ ಕಣ್ಣಲ್ಲಿ ನೀರು ಬಂತು.

ಆ ಮಗನ ಕಡೆಯನ್ನೂ ಸ್ವಲ್ಪ ತಿಳಿದುಕೊಳ್ಳಿ. ಇಲ್ಲಿ ಆಶ್ರಯ ಕೇಳಿ ಅರ್ಜಿ ಹಾಕಿದವರು ವಿಚಾರಣೆಗೆ ಕಾಯಬೇಕು. ಅಲ್ಲಿಯವರೆಗೆ ದೇಶ ಬಿಟ್ಟು ಹೋದರೆ ಅರ್ಜಿಯೇ ಬಿದ್ದುಹೋಗಬಹುದು. ಒಪ್ಪಿಗೆ ಸಿಕ್ಕ ಮೇಲೂ ಆ ಅರ್ಜಿಯಲ್ಲಿ ಹೆಂಡತಿ, ಸಣ್ಣ ಮಕ್ಕಳನ್ನು ಸೇರಿಸಬಹುದು, ತಾಯಿಯನ್ನು ಸೇರಿಸುವಂತಿಲ್ಲ. ಅದಕ್ಕೆ ಬೇರೆ ದಾರಿ, ಬೇರೆ ಕಾಯುವಿಕೆ. ರಾತ್ರಿ ಪಾಳಿ ಕೆಲಸ, ನೆಲಮಾಳಿಗೆಯಲ್ಲಿ ನಾಲ್ಕು ಜನಕ್ಕೆ ಒಂದು ರೂಮು. ಊರಿಗೆ ಫೋಟೋ ಕಳಿಸುವಾಗ ಮಾತ್ರ ಒಳ್ಳೆ ಜಾಕೆಟ್ ಹಾಕಿ ಕೆರೆ ಮುಂದೆ ನಿಲ್ಲುತ್ತಾರೆ. "ಅಮ್ಮನಿಗೆ ನಿಜ ಹೇಳಿದರೆ ಊಟ ಬಿಡುತ್ತಾಳೆ" ಅನ್ನುತ್ತಾನೆ ಆ ಹುಡುಗ. ಅಲ್ಲಿ ಅಮ್ಮಂದಿರೂ ಮಗನಿಗೆ ನಿಜ ಹೇಳುವುದಿಲ್ಲ. ಫೋನಿನಲ್ಲಿ ಇಬ್ಬರೂ ಚೆನ್ನಾಗಿದ್ದೇನೆ ಅನ್ನುತ್ತಾರೆ.

ಮಗನಿಗೆ ಯಾರಾದರೂ ನಿಜ ಹೇಳಲೇಬೇಕು. ಆದರೆ "ನೀನು ಬಿಟ್ಟುಹೋದೆ, ಅದಕ್ಕೇ ಹೀಗಾಯಿತು" ಅಂತ ಹೇಳಬೇಡಿ. ಅವನಿಗೆ ಬರಲು ಆಗುವುದಿಲ್ಲ. ಆ ಮಾತು ಹೊತ್ತುಕೊಂಡು ಅವನು ಅಲ್ಲಿ ಹೇಗೆ ಬದುಕಬೇಕು?

ಹೊಗೆಸೊಪ್ಪು ಗೌಡ · 8:22

ನನ್ನ ಮಗನೂ ಬೆಂಗಳೂರಲ್ಲಿ ಅದನ್ನೇ ಮಾಡುತ್ತಾನೆ ಅನಿಸುತ್ತದೆ. ಫೋನ್ ಮಾಡಿದಾಗಲೆಲ್ಲ ಚೆನ್ನಾಗಿದ್ದೇನೆ ಅಪ್ಪ ಅನ್ನುತ್ತಾನೆ.

ಟೈಲರಮ್ಮ, ನನ್ನ ಮಾತು ಬದಲಾಗಿಲ್ಲ. ನಮ್ಮ ರೈತರಿಗೂ ಇಂಥ ವ್ಯವಸ್ಥೆ ಬೇಕೇ ಬೇಕು. ಆದರೆ ಅಜ್ಜಿಯನ್ನು ಪಿರಿಯಾಪಟ್ಟಣಕ್ಕೆ ಕರೆದುಕೊಂಡು ಬರುವ ದಿನ ಹೇಳಿ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ಖಾರ ಕಮ್ಮಿ ಹಾಕಿ ಮಾಡಿಸುತ್ತೇನೆ.

ಮೆಡಿಕಲ್ಸ್ ಅಣ್ಣ · 8:50

ನನ್ನದು ಮೆಡಿಕಲ್ ಶಾಪ್. ಒಂದು ವಿಷಯ ಯಾರೂ ಹೇಳಲಿಲ್ಲ. ಟಿಬೆಟನ್ ವಸತಿಗಳಲ್ಲಿ ಕ್ಷಯ ಮೊದಲಿನಿಂದಲೂ ಜಾಸ್ತಿ. ಅಜ್ಜಿ ಈಗ ಅಥವಾ ಹಿಂದೆ ಟಿಬಿ ಮಾತ್ರೆ ತೆಗೆದುಕೊಂಡಿದ್ದಾರಾ ಕೇಳಿ. ಸಾಮಾನ್ಯ ಔಷಧಿಗೆ ಬಗ್ಗದ ಟಿಬಿಗೆ ಕೊಡುವ ಸೈಕ್ಲೋಸೆರಿನ್ ಅನ್ನುವ ಮಾತ್ರೆಯಿಂದಲೇ ಕೆಲವರಿಗೆ ಖಿನ್ನತೆ, ಭ್ರಮೆ ಬರುತ್ತದೆ. ಹಾಗಂತ ಅದನ್ನು ನೀವೇ ನಿಲ್ಲಿಸಬಾರದು, ಡಾಕ್ಟರಿಗೆ ಹೇಳಬೇಕು. ಇನ್ನು ನಿದ್ದೆ ಮಾತ್ರೆ ಮಾತ್ರ ಚೀಟಿ ಇಲ್ಲದೆ ಯಾರ ಹತ್ತಿರವೂ ಕೇಳಬೇಡಿ. ಈ ವಯಸ್ಸಿನಲ್ಲಿ ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ.

ಯೋಗ ಮಾಡಿ · 9:02

ಮಾತ್ರೆ ಶುರು ಮಾಡಿದರೆ ಸಾಯುವವರೆಗೂ ಬಿಡಲು ಆಗುವುದಿಲ್ಲ ಅಂತಾರಲ್ಲ?

ಹುಣಸೂರು ಸಿಸ್ಟರ್ · 9:10

ನಿದ್ದೆ ಮಾತ್ರೆ ಬೇರೆ, ಖಿನ್ನತೆ ಮಾತ್ರೆ ಬೇರೆ. ಖಿನ್ನತೆ ಮಾತ್ರೆ ಚಟ ಹತ್ತಿಸುವುದಿಲ್ಲ. ವಾಸಿಯಾದ ಮೇಲೂ ಕೆಲವು ತಿಂಗಳು ಮುಂದುವರಿಸಿ, ಆಮೇಲೆ ಡಾಕ್ಟರ್ ಹೇಳಿದಂತೆ ನಿಧಾನವಾಗಿ ಕಮ್ಮಿ ಮಾಡುತ್ತಾರೆ. ಈ ಭಯದಿಂದಲೇ ಅರ್ಧ ಜನ ಬರುವುದಿಲ್ಲ.

ನಾಲ್ಕನೇ ಕ್ಯಾಂಪ್ · 9:30

ಟೈಲರ್ ಅಕ್ಕಾ, ದುಭಾಷಿಯಾಗಿ ನಾನು ಬರುತ್ತೇನೆ ಅನ್ನೋಣ ಅಂದುಕೊಂಡೆ. ಆದರೆ ಅಮಾಲಾ ವಯಸ್ಸಿನವರು ನನ್ನಂಥ ಹುಡುಗನ ಮುಂದೆ ಎಲ್ಲ ಹೇಳಲಾರರು. ನಮ್ಮ ಅತ್ತೆ ಮುಂಚೆ ಕ್ಯಾಂಪ್ ಆಸ್ಪತ್ರೆಯಲ್ಲಿ ಆರೋಗ್ಯ ಕಾರ್ಯಕರ್ತೆ ಆಗಿದ್ದರು, ಕನ್ನಡ ಚೆನ್ನಾಗಿ ಬರುತ್ತದೆ. ಅವರು ಬರಲು ಒಪ್ಪಿದ್ದಾರೆ. ನಾಳೆ ಬೆಳಗ್ಗೆ ಮೊದಲು ಅಮಾಲಾ ಮನೆಗೆ ಟೀ ಕುಡಿಯಲು ಬರುತ್ತಾರೆ. ಆಸ್ಪತ್ರೆ ಮಾತು ಅವರೇ ನಿಧಾನವಾಗಿ ತೆಗೆಯಲಿ.

ಕೊಪ್ಪ ಟೈಲರ್ · ಬುಧವಾರ ಸಂಜೆ 6:40

ಹೋಗಿ ಬಂದೆವು. ಎಲ್ಲರೂ ಕೇಳುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಅತ್ತೆಯವರು ಬಂದು ಟೀ ಅವರೇ ಮಾಡಿದರು, ಉಪ್ಪು ಬೆಣ್ಣೆ ಹಾಕಿ. ಅಮಾಲಾ ಅರ್ಧ ಲೋಟ ಕುಡಿದರು. ಆಮೇಲೆ ಶುರುವಾದ ಮಾತು ಒಂದು ಗಂಟೆ ನಿಲ್ಲಲಿಲ್ಲ. ಅವರು ಒಪ್ಪಿದ ಮೇಲೆ ಅತ್ತೆ ನನಗೆ ಸ್ವಲ್ಪ ಹೇಳಿದರು. ಲೋಸಾರ್ ದಿನ ಮಗನ ಫೋನ್ ಬರಲಿಲ್ಲವಂತೆ. ಅವನು ಕೆಲಸದಲ್ಲಿದ್ದ, ಮಾರನೇ ದಿನ ಮಾಡಿದ. ಆದರೆ ಆ ರಾತ್ರಿ ಅಮಾಲಾಗೆ ತಾವು ಸತ್ತರೆ 49 ದಿನ ದೀಪ ಹಚ್ಚಲು ಯಾರೂ ಇಲ್ಲ ಅನ್ನುವ ಯೋಚನೆ ಹೊಕ್ಕಿತು. ಅವತ್ತಿನಿಂದ ಮಲಗಿದರೆ ಅದೇ. ಸಾಯಬೇಕು ಅಂತ ಅನ್ನಿಸುವುದಿಲ್ಲ, ಒಬ್ಬಳೇ ಸಾಯುತ್ತೇನೆ ಅನ್ನುವ ಭಯ ಅಂತ ಹೇಳಿದರಂತೆ.

ಡಾಕ್ಟರ್ ಸಮಾಧಾನವಾಗಿ ಕೇಳಿದರು. ಖಿನ್ನತೆ, ಜೊತೆಗೆ ಆತಂಕ ಅಂದರು. ಒಂದು ಮಾತ್ರೆ ಬರೆದಿದ್ದಾರೆ, ಸೆರ್ಟ್ರಾಲಿನ್, ಕಮ್ಮಿ ಡೋಸ್. ರಕ್ತ ಕೊಟ್ಟು ಬಂದಿದ್ದೇವೆ, ಥೈರಾಯ್ಡ್, ಬಿ12 ರಿಪೋರ್ಟ್ ಬರಬೇಕು. ಟಿಬಿ ಔಷಧಿ ತೆಗೆದುಕೊಂಡಿಲ್ಲ. ಎರಡು ವಾರ ಬಿಟ್ಟು ಬನ್ನಿ ಅಂದಿದ್ದಾರೆ.

ಮಗನ ಜೊತೆ ಅತ್ತೆಯೇ ಮಾತಾಡಿದರು. ಅವನು ತುಂಬಾ ಅತ್ತ. ಇನ್ನು ಮೇಲೆ ಅಲ್ಲಿ ಕೆಲಸ ಮುಗಿಸಿ ಬಂದ ಕೂಡಲೇ, ಇಲ್ಲಿಗೆ ಸಂಜೆ, ಐದು ನಿಮಿಷ ಆದರೂ ಸರಿ ಫೋನ್ ಮಾಡುತ್ತೇನೆ ಅಂದಿದ್ದಾನೆ. ದೀಪದ ವಿಷಯ ಮಠದಲ್ಲಿ ಮಾತಾಡಿ ಮೊದಲೇ ಹೇಳಿ ಇಡಬಹುದಂತೆ, ಆ ಕೆಲಸ ಅತ್ತೆ ವಹಿಸಿಕೊಂಡಿದ್ದಾರೆ. ಅದನ್ನು ಕೇಳಿದ ಮೇಲೆ ಅಮಾಲಾ ಮುಖ ಸ್ವಲ್ಪ ಸಡಿಲ ಆಯಿತು.

ಗೌಡ್ರ ಮನೆಯಲ್ಲಿ ಮುದ್ದೆ, ಸೊಪ್ಪಿನ ಸಾರು. ಅಮಾಲಾ ಮುದ್ದೆ ಮುರಿದು ಕೈಯಲ್ಲಿ ಉಂಡೆ ಮಾಡಿ ನೋಡಿ, ಹುರಿದ ಬಾರ್ಲಿ ಹಿಟ್ಟಿನಲ್ಲಿ ತಾವೂ ಹೀಗೇ ಕಲಸಿ ಉಂಡೆ ಮಾಡುತ್ತೇವೆ ಅಂತ ತೋರಿಸಿದರು. ಪೂರ್ತಿ ತಿನ್ನಲಿಲ್ಲ, ತಿಂದಷ್ಟು ತಿಂದರು.

ಹೊಗೆಸೊಪ್ಪು ಗೌಡ · 7:05

ನಮ್ಮ ಮನೆಯವಳು ಮುಂದಿನ ಸಲವೂ ಕರೆದುಕೊಂಡು ಬನ್ನಿ ಅಂದಿದ್ದಾಳೆ. ಅಂದಹಾಗೆ ಆ ಡಾಕ್ಟರ್ ಹತ್ತಿರ ನಮ್ಮೂರಿನ ಒಬ್ಬರನ್ನು ತೋರಿಸಬೇಕು. ಸಾಲದ ಗಲಾಟೆ ಆದ ಮೇಲೆ ಮಾತೇ ಬಿಟ್ಟಿದ್ದಾನೆ. ಮೊದಲ ಸಲ ಹೋದಾಗ ಏನೇನು ಕಾಗದ ಬೇಕು?

ಸರಸ್ವತೀಪುರಂ ಅಕ್ಕ · 7:20

ಹಳೇ ಚೀಟಿ ಇದ್ದರೆ ತನ್ನಿ, ಇಲ್ಲದಿದ್ದರೂ ನೋಡುತ್ತಾರೆ. ಆಧಾರ್ ಜೊತೆಗಿರಲಿ. ಮನೆಯವರು ಒಬ್ಬರು ಬರಲೇಬೇಕು. ಗೌಡ್ರೇ, ಅವರಿಗೆ ಮಂಗಳವಾರದವರೆಗೆ ಕಾಯಬೇಡಿ. ಇವತ್ತು ರಾತ್ರಿಯೇ ಅವರ ಮನೆಗೆ ಹೋಗಿ ಮಾತಾಡಿಸಿ. ಕ್ರಿಮಿನಾಶಕದ ಡಬ್ಬಿ ಮನೆಯಲ್ಲಿ ಇದ್ದರೆ ಬೇರೆಯವರ ಮನೆಗೆ ಸಾಗಿಸಿ. ಅಲ್ಲಿಂದಲೇ 14416ಕ್ಕೆ ಫೋನ್ ಮಾಡಿ.

ಹೊಗೆಸೊಪ್ಪು ಗೌಡ · 7:24

ಈಗಲೇ ಹೊರಟೆ.

ಹುಣಸೂರು ಸಿಸ್ಟರ್ · 7:45

ಟೈಲರಕ್ಕಾ, ಅಮಾಲಾ ಬಿಪಿ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಾರಾ? ಪಟ್ಟಿಯ ಹಿಂದಿನ ಹೆಸರು ನೋಡಿ ಹೇಳಿ. ಮೂತ್ರ ಜಾಸ್ತಿ ಹೋಗುವ ಥರದ ಬಿಪಿ ಮಾತ್ರೆ ಜೊತೆ ಸೆರ್ಟ್ರಾಲಿನ್ ಸೇರಿದರೆ ವಯಸ್ಸಾದವರಲ್ಲಿ ಸೋಡಿಯಂ ಇಳಿಯಬಹುದು. ತೀರಾ ಮಂಪರು, ಗೊಂದಲ, ನಡೆಯುವಾಗ ತೂರಾಟ ಕಂಡರೆ ಎರಡು ವಾರ ಕಾಯದೆ ಕರೆದುಕೊಂಡು ಹೋಗಿ. ಮೊದಲ ವಾರ ಸ್ವಲ್ಪ ವಾಕರಿಕೆ ಬರಬಹುದು, ಅದಕ್ಕೆ ಮಾತ್ರೆ ನಿಲ್ಲಿಸಬೇಡಿ. ಊಟ ಆದ ಮೇಲೆ ಕೊಡಿ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಅದನ್ನು ಮಗನಿಗೂ ಹೇಳಿಬಿಡಿ.

ಕೊಪ್ಪ ಟೈಲರ್ · 7:58

ಬಿಪಿ ಮಾತ್ರೆ ಒಂದಿದೆ ಸಿಸ್ಟರ್. ಪಟ್ಟಿ ಅವರ ಮನೆಯಲ್ಲಿದೆ, ಬೆಳಗ್ಗೆ ಅಂಗಡಿ ತೆಗೆಯುವ ಮುಂಚೆ ನೋಡಿ ಇಲ್ಲೇ ಹಾಕುತ್ತೇನೆ.